ಗದ್ದುಗೆ ಇಳಿದ ದೊರೆ

ಆ ಮನೆಯಲ್ಲಿ ಮೊದಲ ಸಲ ಬಾಯಿ ತೆರೆದಾಗಲೇ ನಾನು ತಪ್ಪು ಮಾತಾಡಿದೆ. ಹೆಬ್ಬಾಗಿಲ ಹಲಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ, "ಇದು ಹೋಗಿದೆ ಸಾರ್, ಬಿದ್ದೋಗುತ್ತೆ," ಎಂದೆ. ಎದುರಿಗೆ ನಿಂತಿದ್ದವರು ಐದಡಿ ಎತ್ತರದ, ಸಣಕಲು ಮೈಯ ಮುದುಕರು. ಪಂಚೆಯ ಮೇಲೆ ಕರಿ ಕೋಟು, ಕಾಲಿಗೆ ನೀಲಿ ಹವಾಯಿ ಚಪ್ಪಲಿ.

"ಆಚಾರ್ರೆ, ಆ ಮಾತನ್ನ ಹೊಸಿಲ ಆಚೆ ಬಿಟ್ಟು ಬನ್ನಿ," ಎಂದರು.

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ನಾನು ನಿಜಕ್ಕೂ ಹೊಸಿಲು ದಾಟಿ ಆಚೆ ಹೋಗಿ, ಮತ್ತೆ ಒಳಗೆ ಬರುವ ತನಕ ಕಾದು ನಿಂತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದಾದ ಮೇಲೆ ಯಾರೂ ನನ್ನನ್ನು ಬಾಗಿಲಾಚೆ ನಿಲ್ಲಿಸಿರಲಿಲ್ಲ. ಸಾರಕ್ಕಿಯಿಂದ ಬಿಟಿಎಂ ಲೇಔಟ್ ತನಕ ಎಷ್ಟೋ ಇಂಜಿನಿಯರುಗಳ ಮನೆಯ ಬೀರು, ಕಿಚನ್ನು, ಪೂಜಾ ಮಂದಿರ ನನ್ನ ಕೈಯಲ್ಲಿ ಆಗಿದೆ. ಅವರ ಡ್ರಾಯಿಂಗಿನಲ್ಲಿ ತಪ್ಪು ಹಿಡಿದು ತೋರಿಸಿದವನು ನಾನು. ಹೀಗಿರುವಾಗ ಹವಾಯಿ ಚಪ್ಪಲಿ ಹಾಕಿದ ಮುದುಕರೊಬ್ಬರು ಮಾತು ಕಲಿಸುವುದೆ?

ಅವರು ಮುದುಕರು ಮಾತ್ರವಲ್ಲ, ದೊರೆಗಳು ಎಂದು ಗೊತ್ತಾಗಿದ್ದು ಆಮೇಲೆ.

ಬೇಗೂರಿನ ಆಚೆ, ಅಪಾರ್ಟ್‌ಮೆಂಟುಗಳ ಬೆನ್ನಿಗೆ ಸಿಕ್ಕಿಕೊಂಡ ಒಂದು ಕೆರೆಯಿದೆ. ಕೆರೆಯ ನಡುವೆ ತಿಟ್ಟು, ತಿಟ್ಟಿನ ಮೇಲೆ ಎರಡಂತಸ್ತಿನ ಹಳೇ ಮನೆ. ಸುತ್ತಲಿನವರು ನಡುಗೆರೆ ಮನೆ ಎನ್ನುತ್ತಾರೆ. ದಡದಿಂದ ಅಲ್ಲಿಗೆ ಒಂದೇ ಕಲ್ಲುದಾರಿ. ಕೆರೆ ತುಂಬಿದರೆ ದಾರಿಯ ಮೇಲೆ ಮೊಣಕಾಲುದ್ದ ನೀರು. ಹಿಂದೆ ಸುತ್ತಲಿನ ಏಳು ಹಳ್ಳಿಗೆ ಆ ವಂಶದವರೇ ಒಡೆಯರು. ಹಳ್ಳಿಗಳು ಲೇಔಟುಗಳಾದವು, ರೈತರು ಬಾಡಿಗೆ ಕಟ್ಟಡಗಳ ಮಾಲೀಕರಾದರು, ದೊರೆತನಕ್ಕೆ ಉಳಿದದ್ದು ಆ ಮನೆ ಮತ್ತು ಒಂದು ದಿನದ ಮರ್ಯಾದೆ. ಕೆರೆ ಕೋಡಿ ಬಿದ್ದ ವರ್ಷ ಏಳು ಹಳ್ಳಿಯ ಮನೆತನದವರು ಬಂದು ಗಂಗಮ್ಮನಿಗೆ ಬಾಗಿನ ಬಿಟ್ಟು, ಮಹಡಿಯ ಚಾವಡಿಯಲ್ಲಿ ಗದ್ದುಗೆಯ ಮೇಲೆ ಕೂತ ದೊರೆಯ ಕೈಯಿಂದ ವೀಳ್ಯ ತೆಗೆದುಕೊಳ್ಳಬೇಕು. ಇದಕ್ಕೊಂದು ಕಟ್ಟಳೆ. ದೊರೆ ಗದ್ದುಗೆಯ ಮೇಲಿರುವಾಗ ವೀಳ್ಯ ತೆಗೆದುಕೊಳ್ಳದೆ ಯಾರೂ ಚಾವಡಿ ಇಳಿಯುವಂತಿಲ್ಲ. ಕಡೆಯ ವೀಳ್ಯ ಕೊಡುವ ಮುಂಚೆ ದೊರೆ ಗದ್ದುಗೆ ಇಳಿದರೆ ಆ ವಂಶದ ದೊರೆತನ ಅಲ್ಲಿಗೆ ಮುಗಿಯಿತು.

ಅಷ್ಟು ಬಿಟ್ಟರೆ ಅವರ ಬದುಕು ನಮ್ಮ ನಿಮ್ಮ ಹಾಗೆಯೇ. ಹೆಂಡತಿ ಮಕ್ಕಳಿರಲಿಲ್ಲ. ಹಳೇ ಸ್ಕೂಟರಿನಲ್ಲಿ ಜಯನಗರ ಫೋರ್ತ್ ಬ್ಲಾಕಿಗೆ ಹೋಗಿ ತರಕಾರಿ ತರುವರು, ಬ್ಯಾಂಕಿನಲ್ಲಿ ಟೋಕನ್ ಹಿಡಿದು ನಿಲ್ಲುವರು. ಎಲ್ಲರಿಗೂ ನೀವು, ಬನ್ನಿ. ತಿಟ್ಟಿನ ಮೇಲೆ ಸೇರಿಕೊಂಡಿದ್ದ ಕುಂಟ ನಾಯಿಗೂ "ನೀವು ಊಟ ಮಾಡಿ" ಎನ್ನುವರು.

ಆದರೆ ಮಾತಿನ ವಿಷಯದಲ್ಲಿ ಮಾತ್ರ ಉಗ್ರ. ಆ ಮನೆಯೊಳಗೆ ಯಾವುದೂ ಬೀಳುವಂತಿಲ್ಲ, ಮುರಿಯುವಂತಿಲ್ಲ, ಖಾಲಿಯಾಗುವಂತಿಲ್ಲ. ಕೆರೆಯ ಕೋಡಿ ಒಂದಕ್ಕೆ ಬೀಳುವ ಹಕ್ಕಿತ್ತು. ಅಡುಗೆಯ ಸಾಕಮ್ಮ ಉಪ್ಪು ಮುಗಿದರೆ "ಬುದ್ಧಿ, ಉಪ್ಪು ತುಂಬಿದೆ" ಎನ್ನುವಳು, ಅವರು ಸ್ಕೂಟರ್ ತೆಗೆಯುವರು. ಒಮ್ಮೆ ನನ್ನನ್ನು ಹಿಂದೆ ಕೂರಿಸಿಕೊಂಡು ಮರದ ಡಿಪೋಗೆ ಬಂದರು. ಅಲ್ಲಿಯವನು "ಹೊನ್ನೆ ಇಲ್ಲ ಸಾರ್" ಎಂದ. "ಬರಬೇಕು ಅನ್ನಿ," ಎಂದರು. "ಬರಲ್ಲ ಸಾರ್, ಈಗ ಬರೋದೇ ಇಲ್ಲ." "ಬರಬೇಕು ಅನ್ನೋದಕ್ಕೆ ನಿಮ್ಮ ಗಂಟೇನು ಹೋಗುತ್ತೆ?" ಅವನು ನನ್ನ ಮುಖ ನೋಡಿ, "ಯಾರು ಗುರು ಇವ್ರು?" ಎಂದು ಪಿಸುಗುಟ್ಟಿದ.

ಯಾಕೆ ಹೀಗೆ ಎಂದು ಅಂದು ವಾಪಸು ಬರುವ ದಾರಿಯಲ್ಲಿ ಕೇಳಿದ್ದಕ್ಕೆ, ಅದೊಂದೇ ಸಲ ಉತ್ತರ ಕೊಟ್ಟಿದ್ದರು. "ನಮ್ಮ ತಾತನ ಕಾಲದಲ್ಲಿ ದಿನಾ ಒಬ್ಬ ಬಂದು ಆ ಹಳ್ಳಿ ಹೋಯ್ತು, ಈ ತೋಟ ಹೋಯ್ತು ಅನ್ನೋನು. ಕೇಳಿ ಕೇಳಿ ನಮ್ಮಜ್ಜಿ, ಇನ್ನು ಈ ಮನೇಲಿ ಹೋಯ್ತು ಅನ್ನಬೇಡಿ ಅಂದ್ರು. ಆಮೇಲೆ ಹೋಗಿದ್ದು ಏನೂ ನಮಗೆ ಗೊತ್ತೇ ಆಗಲಿಲ್ಲ."

ಏನು ಅನ್ನಬಾರದು ಎಂದು ನನಗೆ ಹೇಳಿಕೊಟ್ಟರೇ ಹೊರತು ಅದರ ಬದಲು ಏನನ್ನಬೇಕು ಎಂದು ಯಾರೂ ಹೇಳಿಕೊಡಲಿಲ್ಲ. ಕೆಲಸಕ್ಕೆ ಸೇರಿದ ವಾರದಲ್ಲೇ ಒಂದು ಸಂಜೆ ಸಾಕಮ್ಮ ಒಲೆಯ ಮುಂದಿನಿಂದ, "ಆಚಾರಿ, ದೇವರ ಮುಂದಿನ ದೀಪ ದೊಡ್ಡದು ಮಾಡಪ್ಪ," ಎಂದಳು. ನಾನು ಬತ್ತಿಯನ್ನು ಉದ್ದಕ್ಕೆಳೆದು ಉರಿ ಎಬ್ಬಿಸಿದೆ. ಬಂದು ನೋಡಿ ಹಣೆ ಚಚ್ಚಿಕೊಂಡಳು. ದೊಡ್ಡದು ಮಾಡು ಎಂದರೆ ಆರಿಸು ಎಂದು. "ಅಷ್ಟೂ ಗೊತ್ತಿಲ್ವಾ? ಎಲ್ಲಿ ಓದಿದ್ದೋ ನೀನು?" ಎಂದು ನಕ್ಕಳು.

ಆ ನಗು ನನಗೆ ಚುಚ್ಚಿತು. ಗೊತ್ತಾಗದ ಮಾತನ್ನು ಅಂದಿನಿಂದ ಕೇಳುವುದು ಬಿಟ್ಟೆ. ಗೊತ್ತಿದ್ದವನ ಹಾಗೆ ತಲೆಯಾಡಿಸುವುದು ಅಭ್ಯಾಸವಾಯಿತು.

ಎರಡು ವರ್ಷದ ಹಿಂದೆ ಮಳೆ ಚೆನ್ನಾಗಿ ಹಿಡಿಯಿತು. ಕೋಡಿ ಬೀಳಲು ಗೇಣುದ್ದ ಬಾಕಿ ಇತ್ತು. ಬಾಗಿನದ ದಿನ ಗೊತ್ತಾಯಿತು. ಮಹಡಿ ಮೆಟ್ಟಿಲಿನ ರೇಲಿಂಗು ಒಂದು ಕಡೆ ಇಲ್ಲವೇ ಇಲ್ಲ. ಅದನ್ನು ಮಾಡಿಕೊಡುವುದು ನನ್ನ ಮುಖ್ಯ ಕೆಲಸ. ದೊರೆಗಳಿಗೆ ಮಂಡಿನೋವು, ಆ ದಿನಗಳಲ್ಲಿ ಮಹಡಿ ಬಿಟ್ಟು ಇಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಚಾವಡಿಯ ಮೂಡಲ ಭಾಗದಲ್ಲಿ ನಿಂತು, ಬೆತ್ತದಿಂದ ನೆಲವನ್ನು ಮೆಲ್ಲಗೆ ತಟ್ಟಿ ಹೇಳಿದರು:

"ಆಚಾರ್ರೆ, ಇಲ್ಲಿ ಕೆಳಗಿನ ಮೂಡಲ ತೊಲೆ ಹೆಚ್ಚಾಗಿದೆ. ಹಬ್ಬದೊಳಗೆ ಏನಾದ್ರೂ ಒಂದು ದಾರಿ ಮಾಡಿ."

"ಆಯ್ತು ಬುದ್ಧಿ," ಎಂದೆ.

ಕೆಳಗೆ ಹೋಗಿ ನೋಡಿದೆ. ಚಾವಡಿಯ ನೇರ ಕೆಳಗೆ ಹಳೇ ಕಣಜದ ಕೋಣೆ. ಬೀಗದ ಕೈ ಸಾಕಮ್ಮನ ಹತ್ತಿರ ಇರುತ್ತಿತ್ತು. ಅವಳು ಅದನ್ನು ನನಗೆ ಕೊಟ್ಟು ಸುಬ್ರಹ್ಮಣ್ಯಪುರದ ಮಗಳ ಮನೆಗೆ ಬಾಣಂತನಕ್ಕೆ ಹೋಗಿದ್ದಳು. ಸೂರಿನಲ್ಲಿ ನಾಲ್ಕು ತೊಲೆಗಳು. ಅಷ್ಟಗಲದ ಕೋಣೆಗೆ ಮೂರು ಸಾಕು ಎಂದು ನನ್ನ ಕಣ್ಣಿಗೇ ಕಂಡಿತು. ಹೌದಲ್ಲ, ನಾಲ್ಕನೆಯದು ಹೆಚ್ಚಾಗಿದೆ! ಆ ತೊಲೆಯ ಕೆಳಗೆ, ಗೋಡೆಯಿಂದ ಎರಡಡಿ ಈಚೆಗೆ, ಒಂದು ದಪ್ಪ ಕಂಬ. ಕೆತ್ತನೆಯಿಲ್ಲ, ಕೆಳಗೆ ಸರಿಯಾದ ಪೀಠವಿಲ್ಲ, ಹಸಿರು ಪೇಂಟು ಬಳಿದು ನಿಲ್ಲಿಸಿದ್ದಾರೆ. ತೊಲೆಯೇ ಹೆಚ್ಚಾದರೆ ಅದಕ್ಕೆ ಕಂಬ ಯಾಕೆ? ತೊಲೆಯ ಈ ತುದಿಯಿಂದ ನಡುವಿನ ತನಕ ಸುತ್ತಿಗೆಯಿಂದ ಬಡಿದೆ, ಗಟ್ಟಿ ಸದ್ದು. ಆ ತುದಿ ಗೋಡೆಯ ಗಾರೆಯೊಳಗೆ ಮುಚ್ಚಿಹೋಗಿತ್ತು. ಗಾರೆ ಕೆದಕಿ ನೋಡಬೇಕಿತ್ತು. ನೋಡಲಿಲ್ಲ. ಕಂಬದ ಪೇಂಟನ್ನು ಉಳಿಯಿಂದ ಸ್ವಲ್ಪ ಎಬ್ಬಿಸಿ ನೋಡಿದಾಗ ಒಳಗೆ ಹಳೇ ತೇಗ ಕಂಡಿತು. ಅದನ್ನು ಕಂಡ ಮೇಲೆ ನನಗೆ ಬೇರೇನೂ ಕಾಣಲಿಲ್ಲ. ಇಬ್ಬರು ಆಳುಗಳನ್ನು ಕರೆಸಿ ಕಂಬ ಇಳಿಸಿದೆ, ಸೀಳಿದೆ, ರೇಲಿಂಗ್ ಮಾಡಿದೆ. ಹೆಚ್ಚಿನ ತೊಲೆ ಸುಮ್ಮನೆ ಮೇಲಿದ್ದರೆ ತೊಂದರೆಯಿಲ್ಲ, ಅದರ ಕಂಬ ಕೆಲಸಕ್ಕೆ ಬಂದರೆ ಅದೇ ದಾರಿ ಎಂದುಕೊಂಡೆ.

ರೇಲಿಂಗಿನ ಮೇಲೆ ದೊರೆಗಳು ಅಂಗೈ ಆಡಿಸಿ, "ಇಂಥ ಮರ ಎಲ್ಲಿ ಸಿಕ್ತು?" ಎಂದರು.

"ಇಲ್ಲೇ ಇತ್ತು ಬುದ್ಧಿ."

"ಮೂಡಲ ತೊಲೆ?"

"ಅದಕ್ಕೂ ದಾರಿ ಮಾಡಿದ್ದೀನಿ."

ಅವರಿಗೆ ಸಮಾಧಾನವಾಯಿತು. ನನಗೆ ಹೆಮ್ಮೆ.

ಬಾಗಿನದ ದಿನ ಬೆಳಿಗ್ಗೆ ಹತ್ತು ಗಂಟೆಗೆಲ್ಲ ಕಲ್ಲುದಾರಿಯ ಮೇಲೆ ಪಂಚೆ ಎತ್ತಿ ಕಟ್ಟಿಕೊಂಡವರ, ಸೀರೆಯ ನೆರಿಗೆ ಹಿಡಿದವರ ಸಾಲು. ನೂರರ ಮೇಲೆಯೇ ಜನ. ಎಲ್ಲರಿಗಿಂತ ಮುಂದೆ ಮೊದಲ ಹಳ್ಳಿಯ ಯಜಮಾನರಾದ ಮರಿಯಪ್ಪನವರು. ಜೆಪಿ ನಗರದಲ್ಲಿ ಅವರದು ಮೂರು ಕಟ್ಟಡ. ಅವರ ಪಿಜಿಗೆ ಮಂಚಗಳನ್ನು ಮಾಡಿಕೊಡುವ ಕೆಲಸ ನನಗೇ ಕೊಡುವುದಾಗಿ ಹೇಳಿದ್ದರು. ನೀರಿಗೆ ಬಾಗಿನ ಬಿಟ್ಟಾಯಿತು. ಎಲ್ಲರೂ ಮೇಲೆ ಹತ್ತಿದರು. ಹೊಸ ರೇಲಿಂಗ್ ಹಿಡಿದು "ಸಖತ್ತಾಗಿದೆ ಕಣ್ರೀ" ಎಂದು ಯಾರೋ ಹೇಳಿದ್ದು ನನ್ನ ಕಿವಿಗೂ ಬಿತ್ತು.

ನಾನು ಕೆಳಗೆ ಕಣಜದ ಕೋಣೆಯಲ್ಲಿ ಸಾಕಮ್ಮನಿಗೆ ಪಾತ್ರೆ ಎತ್ತಿಕೊಡುತ್ತಿದ್ದೆ. ಅವಳು ಊರಿಂದ ಬಂದಿದ್ದೇ ಆ ಬೆಳಿಗ್ಗೆ. ಅವಸರದಲ್ಲಿ ಅವಳ ಕೈಯಿಂದ ಮಜ್ಜಿಗೆಯ ಮಡಕೆ ಜಾರಿ ನೆಲಕ್ಕೆ ಬಿದ್ದು ಚೂರಾಯಿತು.

"ಅಯ್ಯೋ ಶಿವನೇ, ಮಡಕೆ ಹೆಚ್ಚಾಯ್ತಲ್ಲಪ್ಪ!" ಎಂದಳು.

ನಾನು ಚೂರುಗಳನ್ನು ನೋಡುತ್ತಾ ನಿಂತೆ. ಬಳೆ ಒಡೆದರೆ ನಮ್ಮಮ್ಮನೂ ಹೆಚ್ಚಾಯ್ತು ಎನ್ನುತ್ತಿದ್ದಳು. ಬಳೆಗೆ ಮಾತ್ರ ಎಂದುಕೊಂಡಿದ್ದೆ.

"ಸಾಕಮ್ಮ, ಇಲ್ಲಿ ತೊಲೆ ಹೆಚ್ಚಾಗಿದೆ ಅಂದ್ರೆ..."

"ಅದು ಹೆಚ್ಚಾಗಿ ಎಷ್ಟೋ ಕಾಲ ಆಯ್ತು, ಗೆದ್ದಲು ಹಿಡಿದು. ಅದಕ್ಕೇ ಅಲ್ವಾ ಕಂಬ ಕೊಟ್ಟಿರೋದು," ಎಂದು ತಿರುಗಿದವಳು ಬರಿದಾಗಿದ್ದ ಜಾಗ ನೋಡಿದಳು. "ಕಂಬ ಎಲ್ಲಪ್ಪ?"

ತಲೆ ಎತ್ತಿದೆ. ತೊಲೆ ಗೋಡೆ ಸೇರುವಲ್ಲಿ ಗಾರೆ ಬಿರುಕು ಬಿಟ್ಟು, ಹಿಟ್ಟು ಜರಡಿ ಹಿಡಿದಂತೆ ಸಣ್ಣಗೆ ಪುಡಿ ಉದುರುತ್ತಿತ್ತು. ಮೇಲೆ ನೂರು ಜನರ ಹೆಜ್ಜೆ ಸದ್ದು. ಒಂದೊಂದು ಹೆಜ್ಜೆಗೂ ಪುಡಿ.

ಹೇಗೆ ಮೆಟ್ಟಿಲು ಹತ್ತಿದೆನೋ ನೆನಪಿಲ್ಲ. ಚಾವಡಿಯ ಪಡುವಲ ಗೋಡೆಗೆ ಗದ್ದುಗೆ, ಅದರ ಪಕ್ಕಕ್ಕೆ ಮೆಟ್ಟಿಲು. ಜನವೆಲ್ಲ ಎದುರಿಗೆ, ಮೂಡಲ ಭಾಗದಲ್ಲಿ, ಒತ್ತಿಕೊಂಡು ಕೂತಿದ್ದಾರೆ. ದೊರೆಗಳ ಮುಂದೆ ವೀಳ್ಯದ ತಟ್ಟೆ. ಮೊದಲ ವೀಳ್ಯ ಇನ್ನೂ ಕೊಟ್ಟಿಲ್ಲ. ಕೂಗಿಕೊಂಡರೆ ಎಲ್ಲರೂ ಒಟ್ಟಿಗೆ ಎದ್ದು ನುಗ್ಗುತ್ತಾರೆ, ಅಷ್ಟಕ್ಕೇ ಅದು ಕುಸಿಯಬಹುದು. ಗದ್ದುಗೆಯ ಪಕ್ಕಕ್ಕೆ ಬಗ್ಗಿ ಕಿವಿಯಲ್ಲಿ ಹೇಳಿದೆ.

"ಬುದ್ಧಿ, ತಪ್ಪಾಯ್ತು. ಕೆಳಗಿನ ಕಂಬ ನಾನು ತೆಗೆದುಬಿಟ್ಟಿದ್ದೀನಿ. ಪುಡಿ ಉದುರ್ತಾ ಇದೆ."

ಅವರು ನನ್ನ ಕಡೆ ತಿರುಗಲೂ ಇಲ್ಲ. ಕೈಯಲ್ಲಿದ್ದ ವೀಳ್ಯವನ್ನು ಮರಳಿ ತಟ್ಟೆಗಿಟ್ಟರು. ಅಡಿಕೆ ಒಂದು ಉರುಳಿತು, ಅದನ್ನು ಹಿಡಿದು ಮತ್ತೆ ಎಲೆಯ ಮೇಲಿಟ್ಟರು. ಆಮೇಲೆ ಗದ್ದುಗೆಯಿಂದ ಕಾಲು ಕೆಳಗೆ ಬಿಟ್ಟರು.

"ಬುದ್ಧಿ, ಇದೇನು ಮಾಡ್ತಾ ಇದ್ದೀರಿ?" ಮರಿಯಪ್ಪನವರ ದನಿ.

"ಎಲ್ಲರೂ ಕೆಳಗಿಳಿಯೋಣ. ಮೆಟ್ಟಿಲ ಹತ್ತಿರ ಇರೋರು ಮೊದಲು. ಒಬ್ಬೊಬ್ಬರಾಗಿ, ಗೋಡೆ ಹಿಡಿದು."

"ವೀಳ್ಯ?"

"ಇವತ್ತು ವೀಳ್ಯ ಇಲ್ಲ."

ಆ ಮನೆಯಲ್ಲಿ ಅವರ ಬಾಯಿಂದ ನಾನು 'ಇಲ್ಲ' ಕೇಳಿದ್ದು ಅದೇ ಮೊದಲು. ಅವರು ನೆಲದ ಮೇಲೆ ನಿಂತಿದ್ದರು. ಹಿಂದಿದ್ದ ಹೆಂಗಸರು ಏಳತೊಡಗಿದರು. ಮರಿಯಪ್ಪನವರು ಮಾತ್ರ ಚಕ್ಕಳಮಕ್ಕಳ ಹಾಕಿ ಇನ್ನಷ್ಟು ಗಟ್ಟಿಯಾಗಿ ಕೂತರು. ಅವರ ಕಡೆಯವರು ಹತ್ತಿಪ್ಪತ್ತು ಜನ, ಎದ್ದವರೂ ಮತ್ತೆ ಕೂತರು.

"ಮೊದಲ ವೀಳ್ಯ ನಮ್ಮ ಮನೆತನದ್ದು. ತಗೊಳ್ದೆ ಇಳಿಯಲ್ಲ. ನಮ್ಮನ್ನ ಕರೆಸಿ ಅವಮಾನ ಮಾಡೋದಾ?"

"ಮರಿಯಪ್ಪನವರೇ, ತೊಲೆ ಮುರಿದಿದೆ."

ಒಬ್ಬ ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡಳು. ನನ್ನ ಕಾಲ ಕೆಳಗೆ ಹಲಗೆ ಸಣ್ಣಗೆ ಕಿರುಗುಟ್ಟಿತು.

"ಮುರಿದಿರೋದು ಗೊತ್ತಿದ್ದೂ ಹತ್ತಿಸಿದ್ರಾ?"

ಆಗ ನಾನು ಮಾತಾಡಬೇಕಿತ್ತು. ದೊರೆಗಳು ಒಂದು ಗಳಿಗೆಯೂ ತಡೆಯಲಿಲ್ಲ.

"ಹೌದು. ತಪ್ಪು ನನ್ನದು. ಏಳಿ."

"ನೀವು ಗದ್ದುಗೆ ಇಳಿದಿದ್ದೀರಿ ಬುದ್ಧಿ. ಇನ್ನು ಮುಂದಿನ ಕೋಡಿಗೆ ನಾವ್ಯಾಕೆ ಬರಬೇಕು?"

"ಬರಬೇಡಿ. ಇವತ್ತು ಇಳೀರಿ."

ಹೇಳುತ್ತಲೇ ಆ ಮಂಡಿನೋವಿನ ಕಾಲು ಎಳೆದುಕೊಂಡು ಮೂಡಲಿಗೆ ನಡೆದರು, ನೇರ ಆ ತೊಲೆಯ ಮೇಲಕ್ಕೆ. ಮರಿಯಪ್ಪನವರ ಮುಂದೆ ಬಗ್ಗಿ ಕೈ ಚಾಚಿದರು. ದೊರೆ ಯಾರಿಗೂ ಕೈ ಕೊಡುವ ಪದ್ಧತಿಯಿಲ್ಲ. ಅಷ್ಟು ದಪ್ಪ ಮನುಷ್ಯನನ್ನು ಆ ಸಣಕಲು ಕೈ ಎಳೆಯುವುದನ್ನು ನೋಡಲಾರದೆ ಅವರ ಕಡೆಯವರೇ "ಏಳಣ್ಣ, ಸಾಕು ಏಳು" ಎಂದರು. ಮರಿಯಪ್ಪನವರು ಆ ಕೈಯನ್ನು ಮುಟ್ಟದೆ ತಾವೇ ಎದ್ದರು. ಸಾಲು ನಿಧಾನಕ್ಕೆ ಸರಿಯಿತು. ಅಷ್ಟು ಜನ ಇಳಿಯುವ ತನಕ ದೊರೆಗಳು ಅಲ್ಲಿಯೇ ನಿಂತು, "ಓಡಬೇಡಿ, ಅಕ್ಕ ಮಗು ಎತ್ಕೊಳ್ಳಿ, ನೀವು ಆಮೇಲೆ," ಎನ್ನುತ್ತಿದ್ದರು. ಎಲ್ಲರ ಹಿಂದೆ ಅವರು, ಅವರ ಹಿಂದೆ ನಾನು.

ನಾವು ಅಂಗಳಕ್ಕೆ ಬಂದು ಕಾಲು ಗಂಟೆಯೂ ಆಗಿರಲಿಲ್ಲ. ಒಳಗೆ ಏನೋ ಸಿಡಿದ ಸದ್ದು. ಚಾವಡಿಯ ಮೂಡಲ ಭಾಗ ಕಣಜದ ಕೋಣೆಯೊಳಕ್ಕೆ ಕುಸಿಯಿತು. ಕಿಟಕಿಗಳಿಂದ ಬಿಳಿ ಧೂಳು ಬಂತು. ಯಾರಿಗೂ ಏನೂ ಆಗಲಿಲ್ಲ. ಆದರೆ ಯಾರೂ ದೊರೆಗೆ ಕೈ ಮುಗಿಯಲೂ ಇಲ್ಲ. "ಸಾಯಿಸ್ಬಿಡ್ತಾ ಇದ್ದ," ಎಂದು ಬೈದುಕೊಂಡು ಕಲ್ಲುದಾರಿ ಹಿಡಿದರು. ಬೆಳಿಗ್ಗೆ 'ಬುದ್ಧಿ'ಯಾಗಿದ್ದವರು ಮಧ್ಯಾಹ್ನದೊಳಗೆ ಏಕವಚನಕ್ಕಿಳಿದಿದ್ದರು.

ಸಂಜೆ ಅವರು ನೀರಿನ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಹೋಗಿ ನಿಂತೆ.

"ಹೆಚ್ಚಾಗಿದೆ ಅಂದ್ರೆ ಏನು ಅನ್ಕೊಂಡ್ರಿ ಆಚಾರ್ರೆ?"

"ಜಾಸ್ತಿ ಇದೆ, ಬೇಕಾಗಿಲ್ಲ ಅಂತ."

ಅವರ ಭುಜಗಳು ಕುಲುಕಿದವು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು. ನಿಲ್ಲಿಸಿ, "ಕೇಳಬಹುದಿತ್ತು," ಎಂದರು.

"ಕೇಳಿದ್ರೆ..."

"ಓದಿಲ್ಲದೋನು ಅಂದುಬಿಡ್ತಾರೆ. ಅಲ್ವಾ? ನಾನು ಎಸ್ಸೆಸ್ಸೆಲ್ಸಿ ಮೂರು ಸಲ ಫೇಲು. ಆ ಮಾತನ್ನ ಈ ಮನೇಲಿ ಆಡೋ ಹಾಗಿರಲಿಲ್ಲ, ಅದಕ್ಕೆ ಯಾರಿಗೂ ಗೊತ್ತಿಲ್ಲ."

"ಅಲ್ಲಿ ನನ್ನ ಹೆಸರು ಯಾಕೆ ಹೇಳಲಿಲ್ಲ ಬುದ್ಧಿ?"

"ಹೇಳಿದ್ರೆ ಅವರು ಇಳೀತಿದ್ರಾ? ನಿಮ್ಮನ್ನ ಹಿಡ್ಕೊಂಡು ಹೊಡೀತಾ ನಿಂತಿರೋರು. ಅದೇ ಹಲಗೆ ಮೇಲೆ."

"ಇಳಿದ ಮೇಲಾದ್ರೂ..."

"ಇಳಿದ ಮೇಲೆ ಹೇಳೋದು ನನ್ನ ಕೆಲಸ ಅಲ್ಲ ಆಚಾರ್ರೆ. ನಿಮ್ಮದು."

ಅದಾಗಿ ಎರಡು ವರ್ಷ ನಾನು ಹೇಳಲಿಲ್ಲ. ಮರಿಯಪ್ಪನವರ ಪಿಜಿಗೆ ನಲವತ್ತು ಮಂಚ ಮಾಡಿಕೊಟ್ಟೆ. ಕೆಲಸ ಮಾಡುವಾಗ ಅವರು ಟೀ ತರಿಸಿಕೊಟ್ಟು, "ಗೊತ್ತಿದ್ದೂ ಮುರಿದ ತೊಲೆ ಮೇಲೆ ನಮ್ಮನ್ನ ಹತ್ತಿಸ್ದ ನೋಡು, ಅವನು ದೊರೆನಾ?" ಎನ್ನುವರು. ನಾನು ಬಾಯಲ್ಲಿ ಮೊಳೆ ಕಚ್ಚಿಕೊಂಡು ಸುತ್ತಿಗೆ ಬಡಿಯುವೆ. ನಡುಗೆರೆ ಮನೆಗೂ ಹೋಗುತ್ತಿದ್ದೆ. ಮುಂದಿನ ವರ್ಷವೂ ಕೋಡಿ ಬಿತ್ತು. ಒಬ್ಬರೂ ಬರಲಿಲ್ಲ. ಸಾಕಮ್ಮ ಬಾಗಿನ ಬಿಟ್ಟಳು, ಅವರು ದಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನೋಡಿದರು. ಹೇಳಿದಿರಾ ಎಂದು ಒಂದು ಸಲವೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿಯಾದರೂ ಹಗುರವಾಗುತ್ತಿದ್ದೆ.

ಮೂರು ವಾರದ ಹಿಂದೆ ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ಅಂಗಳದಲ್ಲಿ ಚಟ್ಟ ಸಿದ್ಧವಾಗಿತ್ತು, ಆಚೆ ಕೆರೆಯ ಏರಿಯ ಮೇಲೆ ಆಂಬ್ಯುಲೆನ್ಸ್ ನಿಂತಿತ್ತು. ಕಲ್ಲುದಾರಿಯ ಮೇಲೆ ನೀರು. ನಡುಗೆರೆ ಮನೆಯ ದೊರೆ ಸತ್ತರೆ ಏಳು ಹಳ್ಳಿಯ ಯಜಮಾನರು ಹೆಗಲು ಕೊಟ್ಟು ನೀರು ದಾಟಿಸಬೇಕು. ಏಳೂ ಜನ ಬಂದಿದ್ದರು, ಆದರೆ ಅಂಗಳದಂಚಿನ ಮರದ ಕೆಳಗೆ ಚಪ್ಪಲಿ ಬಿಡದೆ ನಿಂತಿದ್ದರು. ಯಾರೋ ದೂರದ ನೆಂಟರು ಹೋಗಿ ಕೈ ಮುಗಿದು ಕೇಳಿದರು.

"ಗದ್ದುಗೆ ಇಳಿದೋನು ದೊರೆಯಲ್ಲ," ಎಂದರು ಮರಿಯಪ್ಪನವರು. "ನೋಡಿ ಹೋಗೋಣ ಅಂತ ಬಂದ್ವಿ. ಹೆಗಲು ಕೊಡಲ್ಲ. ಆಂಬ್ಯುಲೆನ್ಸ್ ಹುಡುಗ್ರನ್ನ ಕರೀರಿ."

ಸಾಕಮ್ಮ ನನ್ನ ಕಡೆ ನೋಡಿದಳು. ಅವಳಿಗೆ ಮೊದಲಿನಿಂದ ಗೊತ್ತು. ಅವಳೂ ಯಾರಿಗೂ ಹೇಳಿರಲಿಲ್ಲ.

ನಾನು ಮರದ ಕೆಳಗೆ ಹೋದೆ. "ಯಜಮಾನ್ರೇ, ತೊಲೆಗೆ ಕಂಬ ಕೊಟ್ಟಿತ್ತು. ತೆಗೆದೋನು ನಾನು. ಅವರಿಗೆ ಗೊತ್ತಿರಲಿಲ್ಲ. ನೀವೆಲ್ಲ ಹತ್ತಿ ಕೂತ ಮೇಲೆ ನಾನು ಹೋಗಿ ಕಿವೀಲಿ ಹೇಳಿದೆ. ಕೇಳಿದ ತಕ್ಷಣ ಇಳಿದ್ರು. ನನ್ನ ಹೆಸರು ಹೇಳಿದ್ರೆ ಸಾಕಿತ್ತು, ಹೇಳಲಿಲ್ಲ."

ಮರಿಯಪ್ಪನವರು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಎರಡು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆಯೋ?"

ಅವರು ಚಟ್ಟದ ಕಡೆ ನೋಡಿದರು. ಆಮೇಲೆ ಬಗ್ಗಿ ಚಪ್ಪಲಿ ಕಳಚಿದರು. ಮಿಕ್ಕ ಆರು ಜನರೂ ಕಳಚಿದರು. ಪಂಚೆ ಎತ್ತಿ ಕಟ್ಟಿದರು. ಮುಂದಿನ ಬಲಗಡೆಗೆ ಮರಿಯಪ್ಪನವರೇ ಹೋಗಿ, "ಬುದ್ಧಿ, ಏಳಿ," ಎಂದು ಮೆಲ್ಲಗೆ ಹೇಳಿ ಎತ್ತಿದರು.

ಹಿಂದಿನ ಎಡಗಡೆ ಒಂದು ಹೆಗಲಿಗೆ ಜಾಗವಿತ್ತು. ನಾನು ಅಲ್ಲಿಗೆ ಹೋದೆ.

"ನೀನು ಬೇಡ," ಎಂದರು ಮರಿಯಪ್ಪನವರು, ತಿರುಗದೆಯೇ.

ನಾನು ಹಿಂದೆ ಉಳಿದೆ. ಅವರು ನೀರಿಗಿಳಿದು ಸ್ವಲ್ಪ ದೂರ ಹೋದ ಮೇಲೆ ನಾನೂ ಇಳಿದು, ಒಂದು ಮಾರು ಅಂತರ ಬಿಟ್ಟು ನಡೆದೆ.